ಜಿಂಕೆ ಬರುವ ತೋಟಕ್ಕೆ ನಾನು ಗಿಡ ಆರಿಸಿದ ಬಗೆ

ಮೊದಲ ವರ್ಷ ನಾನು ನೆಟ್ಟಿದ್ದೆಲ್ಲ ನನಗಿಷ್ಟವಾದ ಗಿಡಗಳೇ. ಗುಲಾಬಿ, ದಾಸವಾಳ, ಹೋಸ್ಟಾ. ಒಂದು ದಿನ ಬೆಳಿಗ್ಗೆ ಹೋಗಿ ನೋಡಿದರೆ ಗುಲಾಬಿಯಲ್ಲಿ ಒಂದು ಮೊಗ್ಗೂ ಇರಲಿಲ್ಲ. ದಾಸವಾಳ ಬರೀ ಕಡ್ಡಿ. ಹೊಟ್ಟೆ ಉರಿದುಹೋಯಿತು.

ಮೊಲದ ಕೆಲಸ ಇರಬೇಕು ಅಂದುಕೊಂಡಿದ್ದೆ. ಕುಕ್ಕರುಗಾಲಲ್ಲಿ ಕೂತು ಕಡ್ಡಿಯ ತುದಿ ನೋಡಿದೆ. ಮೊಲ ಕಡಿದರೆ ಚಾಕುವಿನಲ್ಲಿ ಓರೆಯಾಗಿ ಕೊಯ್ದ ಹಾಗೆ ನುಣ್ಣಗಿರುತ್ತದೆ. ಇಲ್ಲಿ ತುದಿ ಹರಿದಿತ್ತು, ಸಿಪ್ಪೆಯ ನಾರು ಜೋತು ಬಿದ್ದಿತ್ತು. ಜಿಂಕೆಗೆ ಮೇಲ್ದವಡೆಯಲ್ಲಿ ಬಾಚಿಹಲ್ಲು ಇಲ್ಲ. ಅದು ಎಲೆಯನ್ನು ಕಚ್ಚಿಹಿಡಿದು ಎಳೆದು ಹರಿಯುತ್ತದೆ. ಹರಿದ ತುದಿಗಳು ನನ್ನ ಎದೆಯ ಎತ್ತರದವರೆಗೂ ಇದ್ದವು. ಅಲ್ಲಿಗೆ ಅನುಮಾನ ಉಳಿಯಲಿಲ್ಲ.

ಮುಳ್ಳಿದ್ದರೆ ಜಿಂಕೆ ಮುಟ್ಟುವುದಿಲ್ಲ ಅಂತ ನಂಬಿದ್ದೆ. ಗುಲಾಬಿಯ ಎಳೆ ಚಿಗುರಿನಲ್ಲಿ ಮುಳ್ಳೂ ಎಳೆಯದೇ ಅಲ್ವಾ? ಅದನ್ನು ಸೊಪ್ಪಿನ ಜೊತೆಗೇ ತಿಂದುಬಿಡುತ್ತದೆ.

ಆಮೇಲೆ ಗಿಡ ಆರಿಸುವ ರೀತಿಯನ್ನೇ ಬದಲಾಯಿಸಿದೆ. ನರ್ಸರಿಯಲ್ಲಿ ಹೂವು ನೋಡುವ ಮೊದಲು ಎಲೆ ಮುಟ್ಟುತ್ತೇನೆ. ಒಂದೆಲೆಯನ್ನು ಬೆರಳಲ್ಲಿ ಉಜ್ಜಿ ಮೂಸುತ್ತೇನೆ. ಘಾಟು ಮೂಗಿಗೆ ಹೊಡೆದರೆ ಆ ಗಿಡ ಬುಟ್ಟಿಗೆ. ಜಿಂಕೆ ಮೇವು ಹುಡುಕುವುದೇ ಮೂಗಿನಿಂದ. ರೋಸ್‌ಮೇರಿ, ಲ್ಯಾವೆಂಡರ್, ತುಳಸಿ, ಪುದೀನ, ನಿಂಬೆಹುಲ್ಲು, ಇವೆಲ್ಲ ನನ್ನಲ್ಲಿ ಉಳಿದುಕೊಂಡವು. ಪುದೀನವನ್ನು ಮಾತ್ರ ಕುಂಡದಲ್ಲೇ ಇಡಿ, ನೆಲಕ್ಕೆ ಬಿಟ್ಟರೆ ಪಾತಿಯೆಲ್ಲ ಹಬ್ಬುತ್ತದೆ. ಇನ್ನು ಎಲೆಯ ಮೇಲೆ ದಟ್ಟವಾದ ರೋಮ ಇದ್ದರೂ ಒಳ್ಳೆಯದೇ. ದೊಡ್ಡಪತ್ರೆಗೆ ಘಾಟೂ ಇದೆ, ರೋಮವೂ ಇದೆ. ಪಾತಿಯ ಅಂಚಿಗೆ ಅದಕ್ಕಿಂತ ಸುಲಭದ ಗಿಡ ನನಗೆ ಸಿಕ್ಕಿಲ್ಲ, ಒಂದು ಕಡ್ಡಿ ಚುಚ್ಚಿದರೆ ಸಾಕು.

ಮೂರನೆಯದು ವಿಷದ ಗಿಡಗಳು. ಕಣಗಿಲೆ, ಫಾಕ್ಸ್‌ಗ್ಲವ್, ಡ್ಯಾಫೋಡಿಲ್, ಹಾಲು ಸುರಿಸುವ ಯುಫೋರ್ಬಿಯಾ ಜಾತಿಗಳು. ಗೆಡ್ಡೆಯ ಹೂವು ಬೇಕು ಅನ್ನುವವರು ಟುಲಿಪ್ ಬಿಟ್ಟು ಡ್ಯಾಫೋಡಿಲ್ ಹಾಕಿ. ಟುಲಿಪ್ ಅಂದರೆ ಜಿಂಕೆಗೆ ಪ್ರಾಣ, ಡ್ಯಾಫೋಡಿಲ್ ಹತ್ತಿರ ಸುಳಿಯುವುದಿಲ್ಲ. ಆದರೆ ಜಿಂಕೆಗೆ ವಿಷವಾದದ್ದು ಮಕ್ಕಳಿಗೂ ದನಕರುಗಳಿಗೂ ವಿಷವೇ. ಕಣಗಿಲೆಯ ಎಲೆ, ಕಡ್ಡಿ, ಹೂವು ಎಲ್ಲವೂ ಅಪಾಯ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಅದಕ್ಕೇ ನಾನು ಅದನ್ನು ನೆಡಲಿಲ್ಲ. ಬಣ್ಣಕ್ಕೆ ನಿತ್ಯಪುಷ್ಪ ಹಾಕಿದೆ. ಅದರ ಎಲೆಯೂ ಕಹಿ, ತಿಂದರೆ ವಿಷವೇ. ಆದ್ದರಿಂದ ಅದನ್ನು ಮಕ್ಕಳು ಆಡುವ ಜಾಗದಿಂದ ದೂರ, ಬೇಲಿಯ ಹತ್ತಿರ ಇಟ್ಟಿದ್ದೇನೆ. ನೆರಳಿಗೆ ಜರೀಗಿಡ.

ಎಲ್ಲಿ ನೆಡುತ್ತೀರಿ ಅನ್ನುವುದೂ ಮುಖ್ಯ. ಜಿಂಕೆ ಬರುವ ದಾರಿ ಹೆಜ್ಜೆಗುರುತಿನಲ್ಲಿ ಗೊತ್ತಾಗುತ್ತದೆ. ಆ ಕಡೆಗೆ ಘಾಟಿನ ಗಿಡಗಳನ್ನು ಸಾಲಾಗಿ, ಒತ್ತಾಗಿ ನೆಟ್ಟೆ. ಗುಲಾಬಿಯನ್ನು ಕಿತ್ತು ಮನೆಯ ಗೋಡೆಗೆ ತಾಗಿದ ಪಾತಿಗೆ ತಂದೆ. ಆದರೂ ಮೊಗ್ಗು ಬರುವ ಕಾಲಕ್ಕೆ ಬಲೆ ಹೊದಿಸುತ್ತೇನೆ.

ಯಾವ ಗಿಡವನ್ನೂ ಜಿಂಕೆ ತಿನ್ನುವುದೇ ಇಲ್ಲ ಅಂತ ಹೇಳೋಕಾಗಲ್ಲ. ಮೇವು ಕಮ್ಮಿಯಾದರೆ ಘಾಟನ್ನೂ ಸಹಿಸಿಕೊಳ್ಳುತ್ತದೆ. ಮರಿಗಳಂತೂ ಎಲ್ಲದರ ರುಚಿ ನೋಡುತ್ತವೆ. ನರ್ಸರಿಯಿಂದ ತಂದ ಹೊಸ ಗಿಡಕ್ಕೆ ಅಪಾಯ ಜಾಸ್ತಿ. ಗೊಬ್ಬರ, ನೀರು ಚೆನ್ನಾಗಿ ಕುಡಿದು ಎಲೆ ಮೆತ್ತಗಿರುತ್ತದೆ. ಮೊದಲ ಕೆಲವು ವಾರ ಅಂಥವಕ್ಕೆ ತಂತಿ ಬಲೆಯ ಗೂಡು ಕಟ್ಟುತ್ತೇನೆ. ಎಳೆ ಮರದ ಕಾಂಡಕ್ಕೂ ಅಷ್ಟೇ. ಗಂಡು ಜಿಂಕೆ ಕೊಂಬು ಉಜ್ಜುವಾಗ ಅದು ತಿನ್ನುವ ಮರವೋ ಅಲ್ಲವೋ ನೋಡುವುದಿಲ್ಲ, ತೊಗಟೆ ಸುಲಿದುಬಿಡುತ್ತದೆ.

ಮೊನ್ನೆ ರೋಸ್‌ಮೇರಿ ಸಾಲಿನಲ್ಲಿ ಒಂದು ತುದಿ ಹರಿದಿತ್ತು. ಬಗ್ಗಿ ನೋಡಿದರೆ ಕಿತ್ತ ಚಿಗುರು ಬುಡದಲ್ಲೇ ಬಿದ್ದಿತ್ತು, ಅರ್ಧ ಜಗಿದು ಉಗುಳಿದ ಹಾಗೆ. ಪಕ್ಕದ ಗಿಡಗಳನ್ನು ಅದು ಮುಟ್ಟಿರಲಿಲ್ಲ. ಈ ಮಳೆಗಾಲಕ್ಕೆ ಅದೇ ಸಾಲನ್ನು ಗೇಟಿನವರೆಗೂ ಬೆಳೆಸಲು ಕಡ್ಡಿಗಳನ್ನು ಬೇರು ಬಿಡಲು ಇಟ್ಟಿದ್ದೇನೆ.