ಮೆಣಸಿನಕಾಯಿ ಇಲ್ಲದ ಮಂಗಳೂರಿಗೆ ಹೋಗಿಬಂದ ಮಕ್ಕಳು

ಶನಿವಾರದ ನನ್ನ ಇತಿಹಾಸ ತರಗತಿಗೆ ಈಗ ಜಾಗ ಸಾಲುತ್ತಿಲ್ಲ. ‘ಕಾಲಯಾನದ ಕಥೆ ಹೇಳಿ ಮಕ್ಕಳ ತಲೆಗೆ ಸುಳ್ಳು ತುಂಬುತ್ತೀರಿ’ ಎಂದು ಸ್ಟಾಫ್ ರೂಮಿನಲ್ಲಿ ಗೇಲಿ ಮಾಡಿದವರೇ ಮೊಮ್ಮಗನನ್ನು ಸೇರಿಸಲು ಫೋನ್ ಮಾಡಿದ್ದಾರೆ. ನಾನು ಕಥೆ ಹೇಳುತ್ತೇನೆ, ಮಕ್ಕಳು ಅದರೊಳಗಿನ ಪಾತ್ರಗಳಾಗಿ ಹಳೆಯ ಕಾಲಕ್ಕೆ ಹೋಗಿಬರುತ್ತಾರೆ. ಕಥೆ ಹೇಳುವುದು ಹೇಗೆಂದು ಮೇಷ್ಟ್ರುಗಳಿಗೆ ನಾನು ಹೇಳಿಕೊಡಬೇಕಾಗಿಲ್ಲ. ದುಡ್ಡು ಎಲ್ಲಿ ಪೋಲಾಯಿತು, ಯಾವುದು ಕೈಹಿಡಿಯಿತು, ಅಷ್ಟು ಹೇಳುತ್ತೇನೆ.

ಮೊದಲು ಪೋಲಾದದ್ದು ಕಾಲಯಾನದ ಯಂತ್ರಕ್ಕೆ. ಪ್ಲೈವುಡ್, ಬಣ್ಣದ ದೀಪ, ಹೊಗೆ ಬಿಡುವ ಪೆಟ್ಟಿಗೆ ಎಂದು ಏಳೆಂಟು ಸಾವಿರ ಹೋಯಿತು. ಗುಂಡಿ ಒತ್ತುವವರು ಯಾರೆಂಬ ಜಗಳದಲ್ಲೇ ಹೊತ್ತು ಕಳೆಯಿತು. ಟಿಪ್ಪು 1784ರಲ್ಲಿ ಮಂಗಳೂರಿನ ಬೋಳೂರಿನಲ್ಲಿ ಕಟ್ಟಿಸಿದ ಕಾವಲು ಬುರುಜು ಸುಲ್ತಾನ್ ಬತ್ತೇರಿಯತ್ತ ಯಾರೂ ತಿರುಗಿಯೂ ನೋಡಲಿಲ್ಲ. ಆಮೇಲೆ ಉಳ್ಳಾಲದ ಅಬ್ಬಕ್ಕನ ಕಥೆಗೆಂದು ಯಕ್ಷಗಾನದ ವೇಷಭೂಷಣ ಬಾಡಿಗೆಗೆ ತಂದೆ. ಸಂಜೆಯೊಂದಕ್ಕೆ ಎರಡು ಸಾವಿರದ ಹತ್ತಿರ. ಹುಡುಗರು ಕಿರೀಟ ಇಟ್ಟುಕೊಂಡು ಫೋಟೊ ತೆಗೆಸಿಕೊಂಡರು. ಕಥೆಯೊಳಗೆ ಹೋದವರೆಲ್ಲ ಅಬ್ಬಕ್ಕನಿಗೆ ಮೆಷಿನ್ ಗನ್ ಕೊಟ್ಟು, ಪೋರ್ಚುಗೀಸರನ್ನು ಐದು ನಿಮಿಷದಲ್ಲಿ ಓಡಿಸಿ ಬಂದರು. ಮೂವತ್ತರಷ್ಟಿದ್ದ ಮಕ್ಕಳು ಮಳೆಗಾಲ ಮುಗಿಯುವಷ್ಟರಲ್ಲಿ ಹತ್ತಕ್ಕೆ ಇಳಿದರು. ತಲೆಗೆ ತಿಂಗಳಿಗೆ ನೂರೈವತ್ತು ರೂಪಾಯಿ. ಸಭಾಂಗಣದ ಬಾಡಿಗೆಗೆ ನನ್ನ ಪಿಂಚಣಿಯೇ ಗತಿಯಾಯಿತು.

ಯಂತ್ರವನ್ನು ಗುಜರಿಗೆ ಕೊಟ್ಟು ಒಂದು ನಿಯಮ ಇಟ್ಟೆ: ಹೋದ ಕಾಲದಲ್ಲಿ ಯುದ್ಧ ಗೆಲ್ಲಿಸುವಂತಿಲ್ಲ. ಅಲ್ಲಿ ಮಧ್ಯಾಹ್ನದ ಊಟ ಸಂಪಾದಿಸಬೇಕು, ಕತ್ತಲಾಗುವವರೆಗೆ ಯಾರ ಅನುಮಾನಕ್ಕೂ ಸಿಕ್ಕಿಬೀಳಬಾರದು. ಸಾಹಸ ಅಷ್ಟೇ. ಅಲ್ಲಿಂದ ಗಾಡಿ ಹೊರಟಿತು.

ಮೊದಲು ಹೋದದ್ದು 1132ರ ಮಂಗಳೂರಿಗೆ. ಉತ್ತರ ಆಫ್ರಿಕಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಆಗ ಇಲ್ಲಿದ್ದ. ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ್ದು ಆ ವರ್ಷವೇ. ಅವನ ಪತ್ರಗಳು ಕೈರೋದ ಹಳೆಯ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಒಂದರ ಉಗ್ರಾಣದಲ್ಲಿ ಉಳಿದುಕೊಂಡವು. ಇಲ್ಲಿಂದ ಅವನು ಕಾಳುಮೆಣಸು, ಕಬ್ಬಿಣ, ಅಡಿಕೆ ಕಳುಹಿಸುತ್ತಿದ್ದ. ಯೆಮೆನ್ ದೇಶದ ಬಂದರು ಏಡನ್‌ನಿಂದ ಒಡೆದ ಕಂಚಿನ ಪಾತ್ರೆಗಳು ಬಂದರೆ ಇಲ್ಲಿನ ಕಾರ್ಖಾನೆಯಲ್ಲಿ ಹೊಸದಾಗಿ ಎರಕವಾಗುತ್ತಿದ್ದವು. ಏಡನ್‌ನ ಗೆಳೆಯರು ಅವನಿಗೆ ಇಲ್ಲಿ ಅಪರೂಪವಾಗಿದ್ದ ಬರೆಯುವ ಕಾಗದವನ್ನೂ ಕಳುಹಿಸುತ್ತಿದ್ದರು. ಆರನೆಯ ತರಗತಿಯ ಹುಡುಗಿಯೊಬ್ಬಳು ಕಥೆಯ ಮಧ್ಯೆ ಲೆಕ್ಕ ಬರೆದುಕೊಳ್ಳಲು ನೋಟ್‌ಬುಕ್ ತೆಗೆದಳು. ಪಕ್ಕದವನು ಅದನ್ನು ಕಸಿದು ಅಂಗಿಯೊಳಗೆ ತುರುಕಿ, ‘ಹುಚ್ಚಿ, ಇಷ್ಟು ಕಾಗದ ಕಂಡರೆ ನಮ್ಮನ್ನು ಕಳ್ಳರೆಂದು ಹಿಡಿಯುತ್ತಾರೆ’ ಎಂದ. ಹಿಂದೂ ಮಹಾಸಾಗರದ ವ್ಯಾಪಾರದ ಮೇಲೆ ನಾನು ಹೈಸ್ಕೂಲಿನಲ್ಲಿ ಮಾಡಿದ ಯಾವ ಪಾಠವೂ ಅಷ್ಟು ನಾಟಿದ್ದಿಲ್ಲ.

ಸುಳ್ಳು ತುಂಬುತ್ತೀರಿ ಎಂಬ ಆಕ್ಷೇಪಕ್ಕೂ ಮದ್ದು ಸಿಕ್ಕಿತು. ಪ್ರತಿ ಕಥೆಯಲ್ಲೂ ಬೇಕೆಂದೇ ಮೂರು ಸುಳ್ಳು ಇಡುತ್ತೇನೆ. ಹಿಡಿದವರಿಗೆ ಒಂದು ಗೋಳಿಬಜೆ. ಟಿಪ್ಪುವಿನ ಕಾಲದ ಮನೆಗೆ ಮಂಗಳೂರು ಹೆಂಚು ಹೊದಿಸಿದರೆ ಈಗ ಹತ್ತು ಕೈ ಏಳುತ್ತವೆ: ‘ಮಾಸ್ಟ್ರೇ, ಜೆಪ್ಪುವಿನ ಹೆಂಚಿನ ಕಾರ್ಖಾನೆ 1865ರದ್ದು!’ ಸುಳ್ಳನ್ನು ಕಥೆಯ ಯಾವ ಜಾಗದಲ್ಲಿ ಇಡಬೇಕು ಎಂಬುದು ಮಾತ್ರ ನನ್ನ ಬಳಿಯೇ ಇರಲಿ. ಅದನ್ನು ಕಂಡುಕೊಳ್ಳಲು ಎರಡು ವರ್ಷ ಹಿಡಿದಿದೆ.

ನಡುವೆ ಅಡುಗೆಮನೆಗೂ ನುಗ್ಗಿದೆ. ಪೋರ್ಚುಗೀಸರು ಬರುವ ಮೊದಲು ಇಲ್ಲಿ ಮೆಣಸಿನಕಾಯಿ ಇಲ್ಲ, ಗೇರುಬೀಜ, ಅನಾನಸು, ಪಪ್ಪಾಯಿ ಯಾವುದೂ ಇಲ್ಲ. ಮನೆಯವಳನ್ನು ಒಪ್ಪಿಸಿ ಬರೀ ಕಾಳುಮೆಣಸಿನಲ್ಲಿ ಕೋರಿ ಗಸಿ (ಕೋಳಿ ಸಾರು) ಮಾಡಿಸಿದೆ. ತೆಂಗಿನಕಾಯಿ, ಹುಳಿ ಎಲ್ಲ ಇದ್ದರೂ ಬಣ್ಣ ಬೂದಿಬೂದಿ. ಒಬ್ಬ ಹುಡುಗ ಎಲೆಯನ್ನು ಎರಡು ಸಲ ಮೂಸಿ, ಖಾರ ನಾಲಿಗೆಗೆ ಹತ್ತದೆ ಗಂಟಲಿಗೆ ಹತ್ತಿತೆಂದು ಕೆಮ್ಮಿ ನೀರು ಕುಡಿದ. ಕೋಳಿಗೆ ಕೊಟ್ಟ ಏಳುನೂರು ದಂಡವಾಗಲಿಲ್ಲ. ಕನ್ನಡದ ಮೊದಲ ಪತ್ರಿಕೆ, 1843ರ ‘ಮಂಗಳೂರ ಸಮಾಚಾರ’, ಕಲ್ಲಿನ ಮೇಲೆ ಉಲ್ಟಾ ಬರೆದು ಅಚ್ಚೊತ್ತುವ ಕಲ್ಲಚ್ಚಿನದೆಂದು ಕನ್ನಡ ಅಕ್ಷರಗಳನ್ನು ತಿರುವುಮುರುವಾಗಿ ಬರೆಸಿಯೂ ನೋಡಿದೆ. ಸೊನ್ನೆಯೊಂದೇ ನೆಟ್ಟಗೆ ಬಂತು.

ಉಳ್ಳಾಲದ ರಾಣಿಯನ್ನು ಮತ್ತೆ ತಂದೆ, ಈ ಸಲ ಬಾಡಿಗೆ ಕಿರೀಟವಿಲ್ಲದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಕಂಡ ರಾಣಿ ಬರಿಗಾಲಲ್ಲಿ, ತಾಳೆಗರಿಯ ಛತ್ರಿಯಡಿ, ಹೊಲಗಳಿಗೆ ನೀರು ಹಾಯಿಸುವ ಕಾಲುವೆ ತೋಡುವುದನ್ನು ನೋಡಲು ಹೊರಟಿದ್ದಳು. ಮಕ್ಕಳಿಗೆ ಅಲ್ಲಿ ಮಣ್ಣು ಹೊರುವ ಕೆಲಸ ಕೊಟ್ಟೆ. ‘ರಾಣಿ ಎಲ್ಲಿ?’ ಎಂದು ಹುಡುಕುತ್ತ ಅವರು ರಾಣಿಯ ಎದುರಿನಿಂದಲೇ ಹಾದುಹೋದರು. ಖರ್ಚು, ಒಂದು ಹಳೆಯ ಛತ್ರಿ.

ಈಗ ಎರಡು ತಂಡ, ಅರವತ್ತರ ಆಸುಪಾಸು ಮಕ್ಕಳು. ಬಾಡಿಗೆ, ಗೋಳಿಬಜೆ ಕಳೆದು ಕೈಯಲ್ಲಿ ಮೂರ್ನಾಲ್ಕು ಸಾವಿರ ಉಳಿಯುತ್ತದೆ. ಮುಂದಿನದು 1837ರ ಏಪ್ರಿಲ್, ಸುಳ್ಯದ ಕಡೆಯಿಂದ ಬ್ರಿಟಿಷರ ಮೇಲೆ ದಂಡೆತ್ತಿ ಬಂದ ರೈತರು ಮಂಗಳೂರಿನ ಬಾವುಟಗುಡ್ಡದಲ್ಲಿ ಧ್ವಜ ಏರಿಸಿದ ದಿನಗಳು. ನಿಯಮದ ಪ್ರಕಾರ ಮಕ್ಕಳು ಅಲ್ಲೂ ಮಧ್ಯಾಹ್ನದ ಊಟ ಸಂಪಾದಿಸಬೇಕು. ಅಷ್ಟು ಜನರಿಗೆ ದಾರಿಯಲ್ಲಿ ಅಕ್ಕಿ ಕೊಟ್ಟವರು ಯಾರು ಎಂಬಲ್ಲಿ ನನ್ನ ಕಥೆ ಸದ್ಯಕ್ಕೆ ನಿಂತಿದೆ.