ಕಾರು ನಿಂತರೂ ಬಡ್ಡಿ ಓಡುತ್ತದೆ

ಬಾಡಿಗೆಗೆ ಓಡಿಸಲು ಎಲೆಕ್ಟ್ರಿಕ್ ಕಾರು ಕೊಳ್ಳುವಾಗ ನಾನು ಹಾಕಿದ ಲೆಕ್ಕ ತಪ್ಪಾಗಿತ್ತು. ಪೆಟ್ರೋಲಿನ ಖರ್ಚನ್ನು ಒಂದು ಕಡೆ, ಕರೆಂಟಿನ ಖರ್ಚನ್ನು ಇನ್ನೊಂದು ಕಡೆ ಬರೆದು, ನಡುವಿನ ಅಂತರವೆಲ್ಲ ನನ್ನದೇ ಎಂದುಕೊಂಡಿದ್ದೆ. ಅದರಲ್ಲಿ ಸಾಲ ಕೊಟ್ಟವರ ಪಾಲೂ ಇದೆ ಎಂಬುದು ಮೂರನೇ ಕಂತಿನ ಹೊತ್ತಿಗೆ ಮನದಟ್ಟಾಯಿತು.

ಪೆಟ್ರೋಲ್ ಕಾರಿಗೆ ಇಂಧನವನ್ನು ಅಂದಂದಿಗೆ ಕೊಳ್ಳುತ್ತೇವೆ. ಬಾಡಿಗೆ ಸಿಗದ ದಿನ ಬಂಕಿನ ಕಡೆ ಹೋಗುವುದೇ ಇಲ್ಲ. ಎಲೆಕ್ಟ್ರಿಕ್ ಕಾರಿನಲ್ಲಾದರೆ ಮುಂದಿನ ಎಷ್ಟೋ ವರ್ಷಗಳ ಖರ್ಚಿನ ದೊಡ್ಡ ಭಾಗವನ್ನು ಬ್ಯಾಟರಿಯ ರೂಪದಲ್ಲಿ ಮೊದಲೇ ಕೊಟ್ಟಿರುತ್ತೇವೆ, ಅದೂ ಸಾಲ ಮಾಡಿ. ಐದು ವರ್ಷದ ಮಾಸಿಕ ಕಂತಿನ ಲೆಕ್ಕದಲ್ಲಿ 100 ರೂಪಾಯಿ ಸಾಲ ಶೇ. 8ರ ಬಡ್ಡಿಗೆ ಸುಮಾರು 122 ಆಗಿ ತೀರುತ್ತದೆ. ಶೇ. 18ಕ್ಕೆ ಅದು 152, ಶೇ. 24ಕ್ಕೆ 173. ಖಾಯಂ ಸಂಬಳದವರಿಗೆ ಮೊದಲನೆಯ ದರ ಸಿಗುತ್ತದೆ. ದಿನದ ಸಂಪಾದನೆಯ ನನಗೆ ಸಿಕ್ಕಿದ್ದು ಎರಡನೆಯದು, ಅದಕ್ಕೂ ಜಾಮೀನು ಬೇಕಾಯಿತು. ಕಾರು ಒಂದೇ ಆದರೂ ಬಡವನ ಕೈಗೆ ಬರುವಾಗ ಅದರ ಬೆಲೆ ಹೆಚ್ಚಾಗಿರುತ್ತದೆ.

ಹೊಸದು ಎಟುಕಲಿಲ್ಲ; ಹಳೆಯದನ್ನು ಹುಡುಕಿದೆ. ಮೊದಲು ಕೇಳಿದ ಕಡೆ ಸಾಲ ಕೊಡಲಿಲ್ಲ. ಹಳೆಯ ಎಂಜಿನ್ನಿಗೆ ಬೆಲೆ ಕಟ್ಟಲು ಅವರಿಗೆ ಗೊತ್ತಿತ್ತು, ಹಳೆಯ ಬ್ಯಾಟರಿಗೆ ಗೊತ್ತಿರಲಿಲ್ಲ. ಕಾರಿನ ತಪಾಸಣಾ ಪೋರ್ಟಿಗೆ ಸಣ್ಣ ಉಪಕರಣ ಸಿಕ್ಕಿಸಿ, ಬ್ಯಾಟರಿಯ ಸಾಮರ್ಥ್ಯ ಶೇ. 88 ಉಳಿದಿದೆ ಎಂಬ ವರದಿ ತೆಗೆದುಕೊಂಡು ಇನ್ನೊಂದು ಕಡೆ ಹೋದ ಮೇಲೆ ಮಾತು ಮುಂದುವರಿಯಿತು. ಮೀಟರಿನಲ್ಲಿ ಓಡಿದ ಕಿಲೋಮೀಟರ್ ನೋಡಿ ಹಳೆಯ ಎಲೆಕ್ಟ್ರಿಕ್ ಕಾರು ಕೊಳ್ಳಬೇಡಿ. ಆ ಶೇಕಡಾವಾರು ನೋಡಿ. ಬಿಸಿಲು ಹೆಚ್ಚಿರುವ ಕಡೆಯಾದರೆ, ಬ್ಯಾಟರಿಯನ್ನು ದ್ರವದಿಂದ ತಂಪಾಗಿಡುವ ವ್ಯವಸ್ಥೆ ಇದೆಯೇ ಎಂದೂ ಕೇಳಿ. ಇಲ್ಲದ ಮಾದರಿಯೊಂದು ಅಗ್ಗಕ್ಕೆ ಸಿಗುತ್ತಿತ್ತು, ನಾನು ಬಿಟ್ಟೆ.

ಇನ್ನು ಮನೆಯ ವೈರಿಂಗ್. 15 ಆಂಪಿಯರ್ ಸಾಕೆಟ್ಟಿನಿಂದ ಗಂಟೆಗೆ ಸುಮಾರು 3 ಯೂನಿಟ್ ಕಾರಿಗೆ ಇಳಿಯುತ್ತದೆ, 30 ಯೂನಿಟ್ಟಿನ ಬ್ಯಾಟರಿ ಖಾಲಿಯಾಗಿದ್ದರೆ ತುಂಬಲು ಇಡೀ ರಾತ್ರಿ ಬೇಕು. ಮಿಕ್ಸಿ ಎರಡು ನಿಮಿಷ ತಿರುಗಿ ನಿಲ್ಲುತ್ತದೆ. ಇದು ಹತ್ತು ಗಂಟೆ ಒಂದೇ ಸಮನೆ ಎಳೆಯುತ್ತದೆ. ಎರಡನೇ ವಾರದಲ್ಲೇ ಪ್ಲಗ್ ಕರಗಿ ಸುಟ್ಟ ವಾಸನೆ ಬಂತು. ದಪ್ಪ ತಂತಿ ಎಳೆಸಿ, ಹೊಸದಾಗಿ ಅರ್ಥಿಂಗ್ ಗುಂಡಿ ತೋಡಿಸಿ, ಪ್ರತ್ಯೇಕ ಬ್ರೇಕರ್ ಹಾಕಿಸಬೇಕಾಯಿತು. ಕಾರಿನ ಬೆಲೆ ಹೇಳುವವರು ಯಾರೂ ಈ ಖರ್ಚಿನ ಸುದ್ದಿ ಎತ್ತುವುದಿಲ್ಲ. ಬಾಡಿಗೆ ಮನೆಯಲ್ಲಿರುವವರಿಗೆ ಮಾಲೀಕರ ಒಪ್ಪಿಗೆ ಪಡೆಯುವ ತಲೆನೋವು ಬೇರೆ.

ಕರೆಂಟ್ ಲೆಕ್ಕದಲ್ಲೂ ಒಂದು ಪಾಠವಾಯಿತು. ಕಾರಿನ ಪರದೆ 100 ಕಿಲೋಮೀಟರಿಗೆ 15 ಯೂನಿಟ್ ಎನ್ನುತ್ತದೆ, ಮನೆಯ ಮೀಟರ್ 17 ಎನ್ನುತ್ತದೆ. ನಡುವಿನದು ಚಾರ್ಜಿಂಗ್ ವೇಳೆ ಶಾಖವಾಗಿ ಹೋಗುವ ನಷ್ಟ, ಆದರೆ ಬಿಲ್ ಬರುವುದು ಮನೆಯ ಮೀಟರಿನಂತೆ. ಬಳಕೆ ಏರಿದಂತೆ ದರವೂ ಏರುವ ಸ್ಲ್ಯಾಬ್ ಪದ್ಧತಿಯಲ್ಲಿ ಕಾರಿನ ಯೂನಿಟ್ಟುಗಳೆಲ್ಲ ಮೇಲಿನ ಸ್ಲ್ಯಾಬಿಗೇ ಬೀಳುತ್ತವೆ. ವೇಗದ ಚಾರ್ಜರ್ ಮನೆಗಿಂತ ದುಬಾರಿ. ದೂರದ ಬಾಡಿಗೆಗೆ ಮಾತ್ರ ಬಳಸುತ್ತೇನೆ.

ಇಷ್ಟೆಲ್ಲ ಕಳೆದರೂ ನನಗೆ ಉಳಿತಾಯವಿದೆ, ಏಕೆಂದರೆ ದಿನಕ್ಕೆ 140 ಕಿಲೋಮೀಟರ್ ಓಡುತ್ತೇನೆ. ಆಯಿಲ್ ಬದಲಾವಣೆ ಇಲ್ಲ, ಬ್ರೇಕ್ ಪ್ಯಾಡ್ ಸವೆಯುವುದು ಕಡಿಮೆ. ಟೈರ್ ಮಾತ್ರ ಬೇಗ ಸವೆಯುತ್ತದೆ, ಗಾಡಿ ಭಾರ. ಪಕ್ಕದ ಮನೆಯವರು ಕಚೇರಿಗೆ ಹೋಗಿಬರಲು 20 ಕಿಲೋಮೀಟರ್ ಓಡಿಸುತ್ತಾರೆ. ನನ್ನ ಕಾರು ನೋಡಿ ತಾವೂ ಕೊಳ್ಳುತ್ತೇನೆ ಎಂದಾಗ ಬೇಡ ಎಂದೆ. ಕಿಲೋಮೀಟರಿಗೆ ಇಷ್ಟೆಂದು ಉಳಿಯುವ ದುಡ್ಡು ಕಾರು ಓಡಿದರೆ ಮಾತ್ರ ಉಳಿಯುತ್ತದೆ. ಬಡ್ಡಿಗೆ ಆ ಷರತ್ತಿಲ್ಲ.

ಇಥಿಯೋಪಿಯಾ 2024ರಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಆಮದನ್ನೇ ನಿಲ್ಲಿಸಿತು. ಜಲವಿದ್ಯುತ್ ತನ್ನದೇ, ತೈಲಕ್ಕಾದರೆ ಡಾಲರ್ ಕೊಡಬೇಕಿರುವ ದೇಶದ ಲೆಕ್ಕ ಅದು, ನನಗೆ ಸರಿಯೆಂದೇ ಕಾಣುತ್ತದೆ. ಮನೆಯ ಲೆಕ್ಕ ಬೇರೆ. ಆಮದು ಸುಂಕ ಇಳಿಸುವವರು ಚಾಲಕರ ಸಾಲದ ಬಡ್ಡಿಯಲ್ಲಿ ನಾಲ್ಕು ಪಾಯಿಂಟ್, ಅಂದರೆ ಶೇ. 18 ಇದ್ದದ್ದನ್ನು 14ಕ್ಕೆ, ಇಳಿಸಿದರೂ ನನ್ನಂಥವರು ಇನ್ನಷ್ಟು ಜನ ಈ ಕಡೆ ಬರುತ್ತಾರೆ. ನನಗಂತೂ ಇನ್ನೂ 19 ಕಂತು ಬಾಕಿ ಇದೆ, ಬ್ಯಾಟರಿ ಶೇ. 83ಕ್ಕೆ ಬಂದಿದೆ.