ಮ್ಯಾಟ್ರಿಜೆಲ್ ಹನಿ ಗುಮ್ಮಟದಂತೆ ನಿಲ್ಲುತ್ತಿಲ್ಲವೇ?

ಕರುಳಿನ ಆರ್ಗನಾಯ್ಡ್ (ಲ್ಯಾಬಿನಲ್ಲಿ ಕೋಶಗಳಿಂದ ಬೆಳೆಸುವ ಅಂಗದ ಪುಟ್ಟ ಮಾದರಿ) ಬೆಳೆಸುವಾಗ, ಕೋಶಗಳನ್ನು ಹಿಡಿದಿಡುವ ಮ್ಯಾಟ್ರಿಜೆಲ್ (ತಣ್ಣಗಿದ್ದಾಗ ದ್ರವ, ಬೆಚ್ಚಗಾದರೆ ಗಟ್ಟಿಯಾಗುವ ಜೆಲ್) ಹನಿ ಹರಡಿಬಿಡುತ್ತಿತ್ತು, ಕೋಶಗಳು ತಳಕ್ಕಿಳಿದು ಪ್ಲಾಸ್ಟಿಕ್ಕಿಗೆ ಅಂಟಿ ಚಪ್ಪಟೆಯಾಗುತ್ತಿದ್ದವು. ಹೊಸ ಲಾಟ್ ತರಿಸಿದೆ, ಜೆಲ್ ಜಾಸ್ತಿ ಹಾಕಿದೆ. ಏನೂ ಆಗಲಿಲ್ಲ.

ಸರಿಹೋದದ್ದು ಹೀಗೆ. ಖಾಲಿ 24 ವೆಲ್ (ಗುಳಿ) ಪ್ಲೇಟನ್ನು ಹಿಂದಿನ ರಾತ್ರಿಯೇ 37 ಡಿಗ್ರಿ ಇನ್‌ಕ್ಯುಬೇಟರಿನಲ್ಲಿಡಿ. ಜೆಲ್ ಫ್ರಿಜ್ಜಿನಲ್ಲಿ, ಐಸ್ ಮೇಲೆ, ರಾತ್ರಿಯಿಡೀ ಕರಗಲಿ. ಪಿಪೆಟ್ಟಿನ ಟಿಪ್‌ಗಳೂ ತಣ್ಣಗಿರಲಿ, ಬೆಂಗಳೂರಿನ ಏಪ್ರಿಲ್ ಸೆಕೆಗೆ ಜೆಲ್ ಟಿಪ್‌ನೊಳಗೇ ಗಟ್ಟಿಯಾಗಿಬಿಡುತ್ತದೆ. ಕೋಶಗಳನ್ನು ಸೆಂಟ್ರಿಫ್ಯೂಜ್ ಮಾಡಿದ ಮೇಲೆ ಮೀಡಿಯಂ (ಕೋಶಗಳ ಪೋಷಕ ದ್ರವ) ಪೂರ್ತಿ ತೆಗೆಯಿರಿ. ಮುಖ್ಯ ಇದೇ, ಉಳಿದ ಹನಿಯೇ ಜೆಲ್ಲನ್ನು ತೆಳುವಾಗಿಸುವುದು. ಕೋಶಗಳನ್ನು ತಣ್ಣನೆಯ ಜೆಲ್‌ನಲ್ಲಿ ಕಲಸಿ, ವೆಲ್‌ನ ಮಧ್ಯಕ್ಕೆ 40 ಮೈಕ್ರೊಲೀಟರ್ ಹನಿ ಬಿಟ್ಟು, ಒಂದು ನಿಮಿಷ ಕಾದು, ಪ್ಲೇಟನ್ನು ತಲೆಕೆಳಗು ಮಾಡಿ 20 ನಿಮಿಷ 37 ಡಿಗ್ರಿಯಲ್ಲಿಡಿ, ಆಗ ಕೋಶಗಳು ತಳಕ್ಕಿಳಿಯುವುದಿಲ್ಲ. ಆಮೇಲೆ ಬೆಚ್ಚಗಿನ ಮೀಡಿಯಂ 500 ಮೈಕ್ರೊಲೀಟರ್, ಹನಿಯ ಮೇಲಲ್ಲ, ಗೋಡೆಗುಂಟ ನಿಧಾನಕ್ಕೆ.